ಹಿಂದಿನ ಗಾಳಿಪೆಟ್ಟಿಗೆ

ಒಂದೇ ಹಂಗಾಮಿನಲ್ಲಿ ಕಡಲ ಗಸ್ತಿನವರು ನನ್ನ ಗಂಡನ ದೋಣಿಯನ್ನು ಹನ್ನೊಂದು ಸಲ ಹತ್ತಿ ಹುಡುಕಿದರು. ಹನ್ನೊಂದು ಸಲವೂ ಅವರಿಗೆ ಸಿಕ್ಕಿದ್ದು ಮೀನು. ಮೀನುಗಾರನ ದೋಣಿಯಲ್ಲಿ ಮೀನು ಬಿಟ್ಟು ಇನ್ನೇನು ಸಿಗುತ್ತದೆ? ಕಳ್ಳಮಾಲು ಎಂದರು, ಡೀಸೆಲ್ ಎಂದರು, ನಶೆಯ ಪುಡಿ ಎಂದರು. ಒಂದೂ ಸಿಗಲಿಲ್ಲ. ಸಿಗದಿದ್ದಕ್ಕೆ ಅವರಿಗೆ ಸಿಟ್ಟು ಬಂತು. ಈಗ ಸಿಟ್ಟು ನನ್ನ ಹತ್ತಿರ ಇದೆ, ಅವರಿಗೆ ಬಂದದ್ದಕ್ಕಿಂತ ಹೆಚ್ಚು.

ದೋಣಿಗಳು ನಿಲ್ಲುವ ಧಕ್ಕೆಯಲ್ಲಿ ಎಲ್ಲರೂ ನನ್ನ ಗಂಡನನ್ನು ತೇಪೆ ಎಂದು ಕರೆಯುತ್ತಿದ್ದರು. ಚಿಕ್ಕವರಿಗೆ ತೇಪೆ ಮಾವ. ಹೆತ್ತವರು ಇಟ್ಟ ಹೆಸರು ದೋಣಿಯ ಲೈಸನ್ಸಿನಲ್ಲಿ ಮಾತ್ರ ಇತ್ತು. ತೂತು ಬಿದ್ದದ್ದು ಏನು ಕಂಡರೂ ಇವರ ಕೈ ಸುಮ್ಮನಿರುತ್ತಿರಲಿಲ್ಲ. ಕೊಡೆ, ಚಪ್ಪಲಿ, ಪಕ್ಕದ ಮನೆಯ ನೀರಿನ ಡ್ರಮ್ಮು, ಯಾರದೋ ಸೈಕಲ್ ಸೀಟು. ಹೊಸದು ಕೊಂಡರಾಯಿತಲ್ಲ ಎಂದರೆ, "ಹೊಸದಕ್ಕೂ ನಾಳೆ ತೂತು ಬೀಳುತ್ತೆ. ಆಗ್ಲೂ ನಾನೇ ಬೇಕು" ಎನ್ನುತ್ತಿದ್ದರು.

ನಮ್ಮ ಮದುವೆಯೂ ತೂತಿನಿಂದಲೇ ಆದದ್ದು. ನಾನು ಆಗ ಮೀನು ವಿಂಗಡಿಸುವ ಶೆಡ್ಡಿನಲ್ಲಿ ಕೆಲಸಕ್ಕಿದ್ದೆ. ನನ್ನ ಬಕೆಟ್ಟು ತಳದಲ್ಲಿ ಸೋರುತ್ತಿತ್ತು. ಒಂದು ದಿನ ಬಕೆಟ್ಟೇ ಕಾಣಲಿಲ್ಲ. ಶೆಡ್ಡು ಹಾರಿಹೋಗುವ ಹಾಗೆ ಕೂಗಾಡಿದೆ. ಮರುದಿನ ಅದೇ ಜಾಗದಲ್ಲಿತ್ತು, ತಳಕ್ಕೆ ಅಂಗೈಯಗಲದ ತೇಪೆ. ಪಕ್ಕದಲ್ಲಿ ಈ ಮನುಷ್ಯ ನಿಂತಿದ್ದರು.

"ನೀನೇನಾ ಕದ್ದಿದ್ದು?" ಎಂದೆ.

"ಕದ್ದಿದ್ರೆ ವಾಪಸ್ ಯಾಕೆ ತರ್ತಿದ್ದೆ?"

"ಕೇಳದೆ ತಗೊಂಡು ಹೋದ್ರೆ ಅದಕ್ಕೆ ಕಳ್ತನ ಅಂತಾರೆ."

"ಸರಿ, ಇನ್ಮೇಲೆ ಕೇಳ್ತೀನಿ. ನಿಮ್ಮಪ್ಪ ಮನೇಲಿ ಎಷ್ಟು ಹೊತ್ತಿಗಿರ್ತಾರೆ?"

ಆ ಬಕೆಟ್ಟು ಇವತ್ತಿಗೂ ಮನೆಯಲ್ಲಿದೆ. ಇಪ್ಪತ್ತಾರು ವರ್ಷವಾಯಿತು, ಒಂದು ಹನಿ ಸೋರಿಲ್ಲ. ತೇಪೆಯ ಮೇಲೆ ಬೆರಳಾಡಿಸಿದರೆ ಎಲ್ಲಿ ಬಕೆಟ್ಟು ಮುಗಿದು ಎಲ್ಲಿ ತೇಪೆ ಶುರುವಾಯಿತು ಎಂದು ಗೊತ್ತಾಗುವುದಿಲ್ಲ. ಅಂಚನ್ನು ಸ್ಯಾಂಡ್‌ಪೇಪರಿನಲ್ಲಿ ಅಷ್ಟು ಉಜ್ಜುತ್ತಿದ್ದರು. ಅಂಚು ಎದ್ದಿದ್ದರೆ ಅದು ತೇಪೆಯಲ್ಲ, ಬರೀ ಮುಚ್ಚಳ ಎನ್ನುತ್ತಿದ್ದರು. ಈ ಮಾತನ್ನು ನೆನಪಿಟ್ಟುಕೊಳ್ಳಿ.

ನಮಗೆ ಮಕ್ಕಳಾಗಲಿಲ್ಲ. ಮನೆಯಲ್ಲಿ ನಾವಿಬ್ಬರು ಮತ್ತು ಅತ್ತೆ. ಗೋಡೆಯ ಆಚೆ ಭಾವನ ಮನೆ. ಭಾವ ಎಂದರೆ ಇವರ ಅಣ್ಣ. ಅವರಿಗೂ ತಮ್ಮದೇ ಒಂದು ಸಣ್ಣ ದೋಣಿಯಿತ್ತು. ಅದರ ಎಂಜಿನ್ನು ಆಗಾಗ ಕೈಕೊಡುತ್ತಿದ್ದುದರಿಂದ ಹೆಚ್ಚಾಗಿ ಇವರ ದೋಣಿಯಲ್ಲೇ ಹೋಗುತ್ತಿದ್ದರು. ಇವರು ಮಾತಿನ ಮಲ್ಲ, ಭಾವ ಮೂಗಬಸವ. "ನಮ್ಮಣ್ಣನ ಪಾಲಿನ ಮಾತನ್ನೂ ನಾನೇ ಆಡಬೇಕು, ಅದಕ್ಕೇ ನಂಗೆ ಬೇಗ ಗಂಟಲು ಒಣಗುತ್ತೆ" ಎಂದು ಇವರು ನಗುತ್ತಿದ್ದರು.

ಇವರ ದೋಣಿ ಫೈಬರಿನದು. ಇಬ್ಬರು ಹೋಗುವಷ್ಟು ದೊಡ್ಡದು. ಮೂತಿಯಲ್ಲಿ ಒಂದು, ಹಿಂದಿನ ಸೀಟಿನ ಕೆಳಗೆ ಒಂದು, ಹೀಗೆ ಎರಡು ಗಾಳಿಪೆಟ್ಟಿಗೆ. ಗಾಳಿಪೆಟ್ಟಿಗೆ ಎಂದರೆ ಎಲ್ಲ ಕಡೆಯಿಂದಲೂ ಮುಚ್ಚಿದ ಡಬ್ಬ. ಬಾಗಿಲಿಲ್ಲ, ಮುಚ್ಚಳವಿಲ್ಲ. ಒಳಗೆ ಗಾಳಿ ಬಿಟ್ಟು ಬೇರೇನೂ ಇಲ್ಲ. ಅಲೆ ನುಗ್ಗಿ ದೋಣಿಯ ಅಂಚಿನವರೆಗೆ ನೀರು ತುಂಬಿದರೂ ಈ ಎರಡು ಡಬ್ಬಗಳು ಅದನ್ನು ಮುಳುಗಲು ಬಿಡುವುದಿಲ್ಲ. ಏಳೆಂಟು ವರ್ಷದ ಹಿಂದೆ ಹಾಗೆ ಆಗಿತ್ತು. ಅಣ್ಣ ತಮ್ಮ ಇಬ್ಬರೂ ನೀರು ತುಂಬಿದ ದೋಣಿಯಲ್ಲಿ ಸೊಂಟ ಮುಳುಗಿಸಿಕೊಂಡು ಅರ್ಧ ದಿನ ಕೂತಿದ್ದರು. ಬೇರೆ ದೋಣಿಯವರು ಎಳೆದು ತಂದರು. ಮನೆಗೆ ಬಂದವರು, "ಇವತ್ತು ಸ್ನಾನದ ನೀರು ಕಾಯಿಸಬೇಡ ಕಣೇ, ಆಯ್ತು" ಎಂದರು.

ಅಂದಿನಿಂದ ಇವರಿಗೆ ಆ ಪೆಟ್ಟಿಗೆಗಳ ಮೇಲೆ ತಾಯಿಯ ಮೇಲಿನಷ್ಟು ನಂಬಿಕೆ. ದಿನಾ ಬೆಳಗ್ಗೆ ದೋಣಿ ಹತ್ತಿದ ಕೂಡಲೇ ಬೆರಳ ಗೆಣ್ಣಿನಿಂದ ಎರಡನ್ನೂ ತಟ್ಟಿ ಕಿವಿಗೊಡುತ್ತಿದ್ದರು. ಖಾಲಿ ಡ್ರಮ್ಮಿನ ಸದ್ದು ಬಂದರೆ ಒಳಗೆ ನೀರಿಲ್ಲ ಎಂದರ್ಥ. ಆಮೇಲೆಯೇ ಎಂಜಿನ್ನಿಗೆ ಕೈ.

ವರ್ಷಕ್ಕೊಮ್ಮೆ ದೋಣಿಯನ್ನು ದಡಕ್ಕೆ ಎಳೆದು ಬಣ್ಣ ಬಳಿಯುವುದು ನಮ್ಮ ಕೆಲಸ. ಹೊರಗಡೆ ಇವರದು, ಒಳಗಡೆ ನನ್ನದು. ಹಿಂದಿನ ಸೀಟಿನ ಕೆಳಗೆ ಇವರ ತಲೆ ಹೋಗುತ್ತಿರಲಿಲ್ಲ, ಹೆಗಲು ಸಿಕ್ಕಿಬೀಳುತ್ತಿತ್ತು. ನನಗೂ ಅಲ್ಲಿ ಕಣ್ಣಿಗೆ ಏನೂ ಕಾಣದು. ಪಕ್ಕಕ್ಕೆ ಮಲಗಿ, ಮುಖ ಆ ಕಡೆ ಮಾಡಿ, ಗಿಡ್ಡ ಬ್ರಶ್ಶು ಹಿಡಿದ ಕೈಯನ್ನು ಒಳಗೆ ತೂರಿಸಿ ಬಳಿಯಬೇಕು. ಅಲ್ಲಿ ಕೈಯೇ ಕಣ್ಣು. ಎಲ್ಲಿ ತೇಪೆಯಿದೆ, ಯಾಕಿದೆ ಎಂದು ನಾನು ಕೇಳುತ್ತಿರಲಿಲ್ಲ. ತೇಪೆ ಇವರದು, ಬಣ್ಣ ನನ್ನದು. ನಮ್ಮ ಸಂಸಾರ ನಡೆದದ್ದೇ ಹಾಗೆ.

ಇನ್ನು ಹುಡುಕಾಟದ ವಿಷಯ.

ನೆಲದ ಮೇಲಿನವರಿಗೆ ಇದು ಗೊತ್ತಿರಲಿಕ್ಕಿಲ್ಲ. ಮನೆಗೆ ಬರುವವರು ಬಾಗಿಲು ತಟ್ಟಬೇಕು. ದೋಣಿಗೆ ಬಾಗಿಲೆಲ್ಲಿದೆ? ಗಸ್ತಿನ ಬೋಟು ಬಂದು ಪಕ್ಕಕ್ಕೆ ಗುದ್ದುತ್ತದೆ. ಎಂಜಿನ್ ಆಫ್ ಮಾಡು, ಕೈ ಮೇಲೆತ್ತು ಎನ್ನುತ್ತಾರೆ. ಅಲೆಯಲ್ಲಿ ಕುಣಿಯುವ ದೋಣಿಯಲ್ಲಿ ಎರಡೂ ಕೈ ಮೇಲೆತ್ತಿ ನಿಂತು ನೋಡಿ, ಆಗ ಗೊತ್ತಾಗುತ್ತದೆ. ಬೂಟುಗಾಲಲ್ಲಿ ಬಲೆ ತುಳಿಯುತ್ತಾರೆ. ಐಸಿನಲ್ಲಿಟ್ಟ ಮೀನನ್ನು ಬಿಸಿಲಿಗೆ ಸುರಿಯುತ್ತಾರೆ. ನಾನು ಕಟ್ಟಿಕೊಟ್ಟ ಊಟದ ಡಬ್ಬಿಯನ್ನು ಕೋಲಿನ ತುದಿಯಿಂದ ತೆರೆದು ನೋಡುತ್ತಾರೆ. ಸುರಿದದ್ದನ್ನು ಯಾರೂ ವಾಪಸ್ ತುಂಬುವುದಿಲ್ಲ.

ಗಸ್ತಿನ ತಂಡದ ಮುಖ್ಯಸ್ಥನಿಗೆ ಧಕ್ಕೆಯವರು ಇಟ್ಟ ಹೆಸರು ಕನ್ನಡಕ. ಮೋಡ ಮುಸುಕಿದ ದಿನವೂ ಕಪ್ಪು ಕನ್ನಡಕ ತೆಗೆಯದ ಆಸಾಮಿ. ಎರಡನೇ ಹುಡುಕಾಟದಲ್ಲಿ ಅವನು ಲೈಸನ್ಸು ನೋಡಿ ಕೇಳಿದನಂತೆ.

"ಫೋಟೋದಲ್ಲಿ ಮೀಸೆ ಇದೆ. ಎಲ್ಲೋ ಮೀಸೆ?"

"ಬೋಳಿಸಿದೆ ಸಾರ್."

"ಯಾಕೆ?"

"ಹೆಂಡ್ತಿ ಚುಚ್ಚುತ್ತೆ ಅಂದ್ಲು ಸಾರ್."

ಉಳಿದ ಗಸ್ತಿನವರು ನಕ್ಕರು. ಕನ್ನಡಕ ನಗಲಿಲ್ಲ. ಐದನೇ ಸಲ ಮೀನು ಸುರಿಯುವಾಗ ಇವರು, "ಸಾರ್, ಮೀನಿನ ಹೊಟ್ಟೆಯೊಳಗೆ ಒಂದು ನೋಡೋದು ಬಾಕಿ" ಎಂದರು. ಕನ್ನಡಕ ಚಾಕು ತರಿಸಿ, ಒಂದೊಂದೇ ಮೀನಿನ ಹೊಟ್ಟೆ ಸೀಳಿಸಿದ. ಆವತ್ತಿನ ಮೀನೆಲ್ಲ ಹಾಳು. "ಬಾಯಿ ಜಾಸ್ತಿ ಆಯ್ತು ನಿಂದು" ಎಂದನಂತೆ. ಅಲ್ಲಿಂದ ಮುಂದೆ ಎದುರಿಗೆ ಹತ್ತು ದೋಣಿ ಇದ್ದರೂ ಇವರದೇ ದೋಣಿಗೆ ಗುದ್ದುತ್ತಿದ್ದರು.

"ನಿಮ್ಮ ನಾಲಗೆಗೊಂದು ತೇಪೆ ಹಾಕ್ಕೊಳ್ಳಿ ಮೊದಲು" ಎಂದು ನಾನು ಬೈದೆ.

"ಅದೊಂದು ತೂತು ಇರ್ಲಿ ಬಿಡೇ. ಉಸಿರಾಡೋಕೆ ಬೇಕು" ಎಂದರು.

ಹುಡುಕಾಟ ಮುಗಿದ ಮೇಲೆ ಒಂದು ಚೀಟಿ ಇರುತ್ತದೆ. ತಪಾಸಣೆ ಆಯಿತು, ಏನೂ ಸಿಗಲಿಲ್ಲ, ದೋಣಿಗೆ ಯಾವ ಹಾನಿಯೂ ಆಗಿಲ್ಲ ಎಂದು ಅದರಲ್ಲಿ ಅಚ್ಚು ಹಾಕಿರುತ್ತದೆ. ಕೆಳಗೆ ದೋಣಿಯವನ ಸಹಿ. ಹುಡುಕುವಾಗ ದೋಣಿಯವರನ್ನು ಗಸ್ತಿನ ಬೋಟಿಗೆ ಹತ್ತಿಸಿ, ಅತ್ತ ಮುಖ ಮಾಡಿ ಕೂರಿಸಿರುತ್ತಾರೆ. ಸಹಿಯನ್ನೂ ಅಲ್ಲೇ ಹಾಕಬೇಕು. ಎಂದರೆ, ತನ್ನ ದೋಣಿಯನ್ನು ಕಣ್ಣಾರೆ ನೋಡುವ ಮೊದಲೇ ದೋಣಿ ನೆಟ್ಟಗಿದೆ ಎಂದು ಬರೆದುಕೊಡಬೇಕು. ಇವರು ಒಮ್ಮೆ ಕೇಳಿದ್ದರಂತೆ, "ಒಂದ್ಸಲ ಇಳಿದು ನೋಡ್ಕೊಂಡು ಬಂದು ಹಾಕ್ಲಾ ಸಾರ್?"

"ಸಹಿ ಹಾಕದೆ ಇಳಿಯೋ ಹಾಗಿಲ್ಲ. ಬೇಗ, ಬೇಗ."

ಎಲ್ಲರೂ ಹಾಕುತ್ತಿದ್ದರು. ಇವರೂ ಹಾಕಿದರು. ಹನ್ನೊಂದು ಸಹಿ. ಬೋಟು ಅಲ್ಲಾಡಿ ಒಂದೂ ನೆಟ್ಟಗಿಲ್ಲ.

ಹನ್ನೊಂದನೆಯ ಸಲ ಎಂದಿಗಿಂತ ಹೊತ್ತು ಹಿಡಿಯಿತು. ಅತ್ತ ಮುಖ ಮಾಡಿ ಕೂತಿದ್ದ ಭಾವನಿಗೆ ಒಂದು ಸದ್ದು ಕೇಳಿಸಿತು. ಕಣಜ ಡಬ್ಬದೊಳಗೆ ಸಿಕ್ಕಿಕೊಂಡು ಗುಂಯ್‌ಗುಟ್ಟಿದ ಹಾಗೆ. ಇವರಿಗೂ ಕೇಳಿಸಿತು. "ಏನ್ ಸಾರ್ ಅದು?" ಎಂದರು. ಕಾವಲಿಗೆ ನಿಂತವನು "ನಮ್ಮ ಪಂಪು" ಎಂದ. ಚೀಟಿ ಬಂತು, ಸಹಿ ಬಿತ್ತು. ದೋಣಿಗೆ ಇಳಿದ ಮೇಲೆ ಇವರು ತಳ ನೋಡಿದರು, ಐಸ್ ಪೆಟ್ಟಿಗೆ ನೋಡಿದರು, ಎಂಜಿನ್ನಿನ ಪೈಪು ನೋಡಿದರು. ಎರಡೂ ಗಾಳಿಪೆಟ್ಟಿಗೆ ತಟ್ಟಿದರು. ಖಾಲಿ ಡ್ರಮ್ಮಿನ ಸದ್ದು. ಸರಿ ಇದೆ ಎಂದುಕೊಂಡರು. ಹೆಬ್ಬೆರಳಗಲದ ತೂತು ಬಿದ್ದರೂ ಪೆಟ್ಟಿಗೆ ಒಣಗಿರುವವರೆಗೆ ಅದೇ ಸದ್ದು ಕೊಡುತ್ತದೆ. ಅದು ನಮಗೆ ಆಗ ಹೊಳೆಯಲಿಲ್ಲ.

ಅದೇ ವಾರ ದೋಣಿಯನ್ನು ಬಣ್ಣಕ್ಕೆ ದಡಕ್ಕೆಳೆದೆವು. ನಾನು ಸೀಟಿನ ಕೆಳಗೆ ಕೈ ತೂರಿಸಿ ಬಳಿಯುತ್ತಿದ್ದೆ. ಪೆಟ್ಟಿಗೆಯ ಮೈಮೇಲೆ ಒಂದು ಕಡೆ ಏನೋ ನುಣುಪಾಗಿ ಸಿಕ್ಕಿತು, ಟೇಪಿನ ಹಾಗೆ. ಅದರ ಅಂಚು ಉಗುರಿಗೆ ತಗುಲಿತು. ತೇಪೆ ಮಹಾಶಯರು ಈಚೆಗೆ ಸೋಮಾರಿಯಾಗಿದ್ದಾರೆ, ಟೇಪು ಅಂಟಿಸಲು ಶುರು ಮಾಡಿದ್ದಾರೆ ಎಂದುಕೊಂಡೆ. ಹೊರಗೆ ಬಂದು ಕಾಲೆಳೆಯಬೇಕು ಎಂದೂ ಅಂದುಕೊಂಡೆ. ಅದರ ಮೇಲೆ ನೀಲಿ ಬಣ್ಣ ಬಳಿದೆ, ಎರಡು ಸಲ. ಅಷ್ಟರಲ್ಲಿ ಅತ್ತೆ, "ನಲ್ಲೀಲಿ ನೀರು ಬಂತು, ಬಾರೇ" ಎಂದು ಕೂಗಿದರು. ಹೋದೆ. ಕಾಲೆಳೆಯುವುದು ಮರೆತುಹೋಯಿತು.

ಮರೆತದ್ದು ಇಷ್ಟೇ.

ದೋಣಿ ನೀರಿಗಿಳಿದು ಮೂರನೇ ವಾರ. ಬೆಳಗಿನ ಹತ್ತು ಗಂಟೆ, ಒಳ್ಳೆಯ ಬಿಸಿಲು. ಮುಂದಿನದನ್ನು ನಾನು ಭಾವನ ಬಾಯಿಂದ ಕೇಳಿದ್ದೇನೆ. ಒಂದರ ಬೆನ್ನಿಗೆ ಒಂದು ಎರಡು ದೊಡ್ಡ ಅಲೆ ಬಂದು ದೋಣಿ ತುಂಬಿತು. ಇಬ್ಬರೂ ಹೆದರಲಿಲ್ಲ. ಹಿಂದೆಯೂ ಹೀಗಾಗಿತ್ತಲ್ಲ. ಎಂಜಿನ್ನಿನ ಎಣ್ಣೆಯ ಖಾಲಿ ಕ್ಯಾನು ಒಂದು ತೇಲುತ್ತಿತ್ತು. ಇವರು ಅದನ್ನು ಹಿಡಿದು ಅಣ್ಣನ ಕಡೆ ತಳ್ಳಿದರು.

"ಅಣ್ಣಾ, ನೀನು ಇದನ್ನ ಹಿಡ್ಕೋ. ನಿನ್ನ ಭುಜಕ್ಕೆ ಬಲ ಸಾಲದು."

"ನೀನು?"

"ನಂಗೆ ದೋಣಿ ಇದ್ಯಲ್ಲ. ಹಿಂದಿನ ಪೆಟ್ಟಿಗೆ ಹಿಡ್ಕೊಂಡು ಕೂತ್ಕೋತೀನಿ. ಅದು ಮುಳುಗಲ್ಲ."

ಹಿಂದಿನ ಪೆಟ್ಟಿಗೆಯೇ ಮೊದಲು ಮುಳುಗಿತು. ಎಂಜಿನ್ನಿನ ಭಾರವೂ ಅಲ್ಲೇ ಇತ್ತು. ದೋಣಿ ಮೂತಿಯೆತ್ತಿ ಹಿಂದಕ್ಕೆ ಜಾರಿತು. ಬಲೆಯ ಹಗ್ಗ ಇವರ ಕಾಲಿಗೆ ಸುತ್ತಿತ್ತು. ಭಾವನನ್ನು ಎರಡು ಗಂಟೆಯ ಮೇಲೆ ಬೇರೆ ದೋಣಿಯವರು ಎತ್ತಿದರು. ಇವರು ಮರುದಿನ ಸಿಕ್ಕರು. ಅದರ ಬಗ್ಗೆ ಹೇಳುವುದಿಲ್ಲ.

ಹನ್ನೆರಡು ದಿನದ ಮೇಲೆ ದೊಡ್ಡ ಬೋಟೊಂದರ ಬಲೆಗೆ ನಮ್ಮ ದೋಣಿ ಸಿಕ್ಕಿತು. ಗಸ್ತಿನವರು ಅದನ್ನು ಎಳೆದುಕೊಂಡು ಹೋಗಿ ತಮ್ಮ ಆಫೀಸಿನ ಅಂಗಳದಲ್ಲಿ ಹಾಕಿದರು. ತಿಂಗಳಾದ ಮೇಲೆ ನನಗೆ ಕರೆ ಬಂತು. ಹೋದೆ. ಗಾಜಿನ ಆಚೆ ಗುಮಾಸ್ತ, ಈಚೆ ನಾನು. ಕೌಂಟರಿಗೆ ದಾರ ಕಟ್ಟಿದ ಪೆನ್ನು. ಅವನು ಕಾಗದ ತಳ್ಳಿದ.

"ಇಲ್ಲಿ ಸಹಿ ಹಾಕಿ ದೋಣಿ ತಗೊಂಡು ಹೋಗಮ್ಮ. ಅಂಗಳ ಖಾಲಿ ಮಾಡ್ಬೇಕು."

ನಾನು ಓದಿದ್ದು ನಾಲ್ಕನೇ ಕ್ಲಾಸು. ಬೆರಳಿಟ್ಟು, ಅಕ್ಷರ ಕೂಡಿಸಿ ಓದುತ್ತೇನೆ. ಅವನು ಎರಡು ಸಲ ಗಡಿಯಾರ ನೋಡಿದ. ಕಾಗದದಲ್ಲಿ ಹೀಗಿತ್ತು: ಹಿಂಭಾಗದ ಗಾಳಿಪೆಟ್ಟಿಗೆಯಲ್ಲಿ ಮಾಲೀಕರೇ ಕೊರೆದ ತೂತು ಕಂಡುಬಂದಿದ್ದು, ಅದರ ಉದ್ದೇಶ ತಿಳಿದುಬಂದಿಲ್ಲ. ಇದರಿಂದ ದೋಣಿ ಮುಳುಗಿದೆ.

"ಮಾಲೀಕರೇ ಅಂದ್ರೆ ಯಾರು?" ಎಂದೆ.

"ನಿನ್ನ ಗಂಡ ಕಣಮ್ಮ, ಇನ್ಯಾರು?"

"ಉದ್ದೇಶ ತಿಳಿದುಬಂದಿಲ್ಲ ಅಂದ್ರೆ?"

ಅವನು ತುಟಿಯಂಚಿನಲ್ಲಿ ನಕ್ಕ. "ಮುಚ್ಚಿದ ಡಬ್ಬಕ್ಕೆ ಯಾಕೆ ತೂತು ಕೊರೀತಾರೆ? ಒಳಗೆ ಏನಾದ್ರೂ ಬಚ್ಚಿಡೋಕೆ. ಸತ್ತೋರ ಬಗ್ಗೆ ಅಷ್ಟು ಬಿಡಿಸಿ ಬರೆಯೋದು ಬೇಡ ಅಂತ ಸಾಹೇಬ್ರು ಹಾಗೆ ಬರೆದಿದ್ದಾರೆ. ಪುಣ್ಯಾತ್ಮರು."

ಕೈಯಲ್ಲಿದ್ದ ಪೆನ್ನು ಬಿಟ್ಟೆ. ಅದು ದಾರದಲ್ಲಿ ನೇತಾಡುತ್ತಾ ಉಳಿಯಿತು. ಹನ್ನೊಂದು ಸಲ ಹುಡುಕಿ ಏನೂ ಸಿಗದ ಮನುಷ್ಯನನ್ನು ಸತ್ತ ಮೇಲೆ ಕಳ್ಳ ಮಾಡಿದ್ದರು. ಅದೂ ತೂತು ಕೊರೆದ ಕಳ್ಳ. ಊರಿನ ತೂತುಗಳನ್ನೆಲ್ಲ ಮುಚ್ಚಿದವರ ಮೇಲೆ ಈ ಮಾತು! ಸಹಿ ಹಾಕದೆ ಹೊರಗೆ ಬಂದೆ.

ಭಾವನಿಗೆ ಹೇಳಿದೆ. ಅವರು ತಲೆ ತಗ್ಗಿಸಿದರು.

"ಸಹಿ ಹಾಕಿಬಿಡಮ್ಮಾ. ಹೋದೋನು ಹೋದ. ನಾನು ಇನ್ನೂ ನೀರಿಗೆ ಇಳೀಬೇಕು. ನನ್ನ ಜುಟ್ಟು ಅವರ ಕೈಲಿದೆ."

"ಕ್ಯಾನು ಕೊಟ್ಟೋರು ಕಳ್ಳ ಆಗ್ಬೇಕಾ ಭಾವ?"

ಅವರು ಎದ್ದು ಹೋದರು. ನಾನು ಅಂದದ್ದು ಕ್ರೂರ. ಗೊತ್ತಿದ್ದೇ ಅಂದೆ.

ಆ ಮಧ್ಯಾಹ್ನ ಬಕೆಟ್ಟು ತೊಳೆಯುತ್ತಿದ್ದೆ. ಅದೇ ಹಳೆಯ ಬಕೆಟ್ಟು. ಕೈ ತೇಪೆಯ ಮೇಲೆ ಹೋಯಿತು. ಅಂಚೇ ಸಿಗಲಿಲ್ಲ, ಯಾವಾಗಲೂ ಸಿಗುತ್ತಿರಲಿಲ್ಲ. ಆಗ ಉಗುರಿಗೆ ನೆನಪಾಯಿತು. ಸೀಟಿನ ಕೆಳಗೆ ಒಂದು ಅಂಚು ಎದ್ದಿತ್ತು. ಇವರ ತೇಪೆಯಲ್ಲಿ ಅಂಚು ಏಳುವುದಿಲ್ಲ. ಅದು ಇವರದಲ್ಲ. ಕಣಜದ ಸದ್ದು ಪಂಪಿನದಲ್ಲ, ಡ್ರಿಲ್ಲಿನದು. ಕೊರೆದು, ಒಳಗೆ ಇಣುಕಿ, ಗಾಳಿ ಬಿಟ್ಟು ಏನೂ ಕಾಣದಿದ್ದಾಗ ಟೇಪು ಅಂಟಿಸಿ ಎದ್ದುಹೋಗಿದ್ದಾರೆ. ನೀರು ಮೇಲೆ ಬಂದಾಗ ಆ ಟೇಪು ಎಷ್ಟು ಹೊತ್ತು ತಡೆದೀತು?

ಅದರ ಮೇಲೆ ಬಣ್ಣ ಬಳಿದವಳು ನಾನು. ಬಳಿಯದಿದ್ದರೆ ಯಾವತ್ತಾದರೂ ಒಂದು ದಿನ ಇವರ ಬೆರಳಿಗೆ ಅದು ಸಿಗುತ್ತಿತ್ತೇನೋ. ಕಾಲೆಳೆಯಲು ಒಂದು ಮಾತು ಆಡಿದ್ದರೆ ಆ ಕ್ಷಣವೇ ಕೈ ಹಾಕಿ ನೋಡುತ್ತಿದ್ದರು. ನಲ್ಲಿ ನೀರಿಗೆ ಒಂದು ಗಳಿಗೆ ತಡವಾಗಿ ಹೋಗಿದ್ದರೆ ಏನಾಗುತ್ತಿತ್ತು?

ಸತ್ಯ ಹೇಳಬೇಕೆಂದರೆ ಎರಡು ದಿನ ಬಾಯಿ ಬಿಡಲಿಲ್ಲ. ಅವರ ತಪ್ಪು ತೋರಿಸಬೇಕಾದರೆ ನನ್ನದನ್ನು ಕೆರೆಯಬೇಕು. ಬೇರೆ ದಾರಿ ಇರಲಿಲ್ಲ. ಮೂರನೇ ದಿನ ಅತ್ತೆಯ ಎದುರು ಕೂತು ಹೇಳಿದೆ. ಭಾವನೂ ಬಾಗಿಲಲ್ಲಿ ನಿಂತು ಕೇಳಿದರು.

ಅತ್ತೆ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ನಾಲ್ಕು ದಿನ ನಾನು ಬಡಿಸಿದ್ದನ್ನು ಉಂಡರು, ನನ್ನ ಮುಖ ನೋಡಲಿಲ್ಲ. ಐದನೇ ದಿನ ಬೆಳಗ್ಗೆ ನಾನು ಹೊರಡಲು ಚೀಲ ಎತ್ತಿಕೊಂಡರೆ ಭಾರವಿತ್ತು. ಒಳಗೆ ಇವರ ಬಣ್ಣ ಕೆರೆಯುವ ಪಟ್ಟಿ, ಥಿನ್ನರ್ ಬಾಟಲಿ, ಒಂದು ಹಳೇ ಬಟ್ಟೆ. ಬಟ್ಟೆ ಇವರ ಅಂಗಿಯದು.

"ಮೆಲ್ಲಗೆ ಕೆರಿ" ಎಂದರು ಅತ್ತೆ, ಗೋಡೆಯ ಕಡೆ ತಿರುಗಿ. "ಅವನ ಥರ. ಅವಸರ ಮಾಡಿದ್ರೆ ಕೆಳಗಿರೋದೂ ಹೋಗುತ್ತೆ."

ಭಾವ ರಸ್ತೆಯಲ್ಲಿ ನಿಂತಿದ್ದರು. ನನ್ನ ಹಿಂದೆ ನಡೆದರು.

ಈ ಸಲ ಗುಮಾಸ್ತನ ಹತ್ತಿರ ನಿಲ್ಲಲಿಲ್ಲ. ಸಾಹೇಬರನ್ನೇ ಕರೆಯಿರಿ, ದೋಣಿ ನೋಡದೆ ಸಹಿ ಹಾಕುವುದಿಲ್ಲ ಎಂದೆ. ಆಗಲ್ಲ ಎಂದ. ಹಾಗಾದರೆ ಇಲ್ಲೇ ಕೂರುತ್ತೇನೆ ಎಂದೆ. ಬಾಗಿಲಿಗೆ ಅಡ್ಡ ಕೂತೆ. ಬರುವವರೆಲ್ಲ ನನ್ನನ್ನು ದಾಟಿ ಹೋಗಬೇಕಾಯಿತು. ಅರ್ಧ ಗಂಟೆಗೆ ಸಾಹೇಬರು ಬಂದರು. ದಪ್ಪನೆಯ, ದಣಿದ ಮನುಷ್ಯ. ಜೊತೆಗೆ ಕನ್ನಡಕವೂ ಬಂದ.

ದೋಣಿ ಅಂಗಳದ ಮೂಲೆಯಲ್ಲಿ ಓರೆಯಾಗಿ ಬಿದ್ದಿತ್ತು. ಒಳಗೆ ಒಣಗಿದ ಪಾಚಿ. ನಾನು ಬಳಿದ ನೀಲಿ ಹಾಗೇ ಇತ್ತು. ಹತ್ತಿ ಸೀಟಿನ ಕೆಳಗೆ ಮಲಗಿದೆ.

"ಏನ್ ಮಾಡ್ತಿದ್ದೀಯಮ್ಮ? ಅದು ಸಾಕ್ಷಿ, ಮುಟ್ಟೋ ಹಾಗಿಲ್ಲ" ಎಂದ ಕನ್ನಡಕ.

"ಮೊನ್ನೆ ತಗೊಂಡು ಹೋಗು ಅಂದ್ರಲ್ಲ. ಆಗ ಸಾಕ್ಷಿ ಆಗಿರ್ಲಿಲ್ವಾ?"

ಕೈಗೆ ತೂತು ಸಿಕ್ಕಿತು. ಅದರ ಒಂದು ಬದಿಯಲ್ಲಿ ಟೇಪು ಇನ್ನೂ ಅಂಟಿಕೊಂಡಿತ್ತು. ಉಳಿದ ಭಾಗ ಒಳಕ್ಕೆ ಮಡಚಿ ಬಿದ್ದಿತ್ತು. ಮೆಲ್ಲಗೆ ಬಿಡಿಸಿದೆ. ಹೊರಗೆ ತಂದು ಬಿಸಿಲಲ್ಲಿ ಹಿಡಿದೆ. ಒಂದು ಕಡೆ ಪೂರ್ತಿ ನನ್ನ ನೀಲಿ. ಬಟ್ಟೆಗೆ ಥಿನ್ನರ್ ಹಚ್ಚಿ ಒರೆಸಿದೆ. ಒಂದು ಸಲ, ಎರಡು ಸಲ. ನೀಲಿ ಹೋಗಿ ಬಿಳಿ ಬಂತು. ಬಿಳಿಯ ಮೇಲೆ ಕೆಂಪು ಲಂಗರಿನ ಗುರುತು.

ಆ ಲಂಗರು ಧಕ್ಕೆಯಲ್ಲಿ ಎಲ್ಲರಿಗೂ ಗೊತ್ತು. ವಶಪಡಿಸಿಕೊಂಡ ಮಾಲಿನ ಮೇಲೆ ಗಸ್ತಿನವರು ಸುತ್ತುವ ಟೇಪು ಅದು. ಅಂಗಡಿಯಲ್ಲಿ ಸಿಗುವುದಿಲ್ಲ.

ಸಾಹೇಬರು ಕನ್ನಡಕದ ಕಡೆ ನೋಡಿದರು. ಅವನು ಮೊದಲ ಸಲ ಕನ್ನಡಕ ತೆಗೆದ. ಕಣ್ಣು ಸಣ್ಣವು.

"ಬಣ್ಣ ಯಾರು ಬಳಿದಿದ್ದು?" ಎಂದ.

"ನಾನು."

"ನೋಡಿ ಸಾರ್! ಇವ್ಳೇ ಮುಚ್ಚಿಟ್ಟಿದ್ದಾಳೆ. ನಮ್ಮೋರು ತಾತ್ಕಾಲಿಕವಾಗಿ ಅಂಟಿಸಿದ್ದು. ರಿಪೇರಿ ಮಾಡಿಸಿಕೊಳ್ಳೋದು ಮಾಲೀಕನ ಜವಾಬ್ದಾರಿ. ಇವ್ಳು ಬಣ್ಣ ಬಳಿಯದೆ ಇದ್ದಿದ್ರೆ—"

"ಹೌದು" ಎಂದೆ. "ಬರೀರಿ. ಹೆಂಡ್ತಿ ನೋಡದೆ ಬಣ್ಣ ಬಳಿದ್ಲು ಅಂತ ಬರೀರಿ. ಸಹಿ ಹಾಕ್ತೀನಿ. ಅದಕ್ಕಿಂತ ಮೊದಲಿನ ಸಾಲಲ್ಲಿ, ಕೊರೆದೋರು ಯಾರು ಅಂತ ಬರೀರಿ. ಕೊರೆದು ಹೇಳದೆ ಹೋದೋರು ಯಾರು ಅಂತ ಬರೀರಿ. ಇಳಿದು ನೋಡೋಕೆ ಬಿಡದೆ, ಹಾನಿ ಆಗಿಲ್ಲ ಅಂತ ಸಹಿ ಹಾಕಿಸಿಕೊಂಡೋರು ಯಾರು ಅಂತ ಬರೀರಿ. ನನ್ನ ತಪ್ಪು ನಾನು ಸಾಯೋವರೆಗೂ ಹೊರ್ತೀನಿ, ನೀನು ಎಣಿಸಿಕೊಡಬೇಕಾಗಿಲ್ಲ. ನಿನ್ನದನ್ನ ನನ್ನ ಗಂಡನ ತಲೆ ಮೇಲೆ ಹೊರಿಸಬೇಡ."

ನನ್ನ ಧ್ವನಿ ಎಲ್ಲಿಯವರೆಗೆ ಕೇಳಿಸಿತೋ ಗೊತ್ತಿಲ್ಲ. ಕಿಟಕಿಗಳಲ್ಲಿ ತಲೆಗಳು ಬಂದವು.

ಕನ್ನಡಕ ಮತ್ತೆ ಬಾಯಿ ತೆರೆದ. ಆಗ ನನ್ನ ಹಿಂದಿನಿಂದ ಭಾವ ಮಾತಾಡಿದರು. ಆ ಮನುಷ್ಯ ಅಪರಿಚಿತರ ಎದುರು ಮಾತಾಡಿದ್ದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ.

"ಸದ್ದು ನಾನು ಕೇಳಿದ್ದೀನಿ ಸಾರ್. ನಮ್ಮ ತಮ್ಮ ಏನದು ಅಂತ ಕೇಳಿದ. ಪಂಪು ಅಂದ್ರು. ನಾನು ಎಲ್ಲಿ ಬೇಕಾದ್ರೂ ಹೇಳ್ತೀನಿ." ಪೂರ್ತಿ ಹೇಳಿದರು.

ಸಾಹೇಬರು ಒಳಗೆ ಕರೆದು ಹೊಸ ಕಾಗದದಲ್ಲಿ ಬರೆಸಿದರು. ಗುಮಾಸ್ತ ತಂದು ನನ್ನ ಮುಂದಿಟ್ಟ. ಬೆರಳಿಟ್ಟು ಓದಿದೆ. ತೂತಿನ ಮೇಲೆ ಟೇಪ್ ಕಂಡುಬಂದಿದೆ ಎಂದಿತ್ತು. ಯಾರ ಟೇಪು ಎಂದಿರಲಿಲ್ಲ. ವಾಪಸ್ ತಳ್ಳಿದೆ. ಎರಡನೆಯದರಲ್ಲಿ ಇಲಾಖೆಯ ಟೇಪ್ ಎಂದು ಬಂತು, ಆದರೆ ಮಾಲೀಕರೇ ಕೊರೆದ ಎಂಬುದು ಹಾಗೇ ಕೂತಿತ್ತು. ಅದನ್ನೂ ತಳ್ಳಿದೆ.

"ನಮಗೆ ಬೇರೆ ಕೆಲಸ ಇದೆ ಕಣಮ್ಮ. ಬೇಗ, ಬೇಗ" ಎಂದ ಗುಮಾಸ್ತ.

"ಬೇಗ ಬೇಗ ಅಂತಾನೇ ಹನ್ನೊಂದು ಸಲ ಹಾಕಿಸಿದ್ದೀರಿ. ನಾನು ನಾಲ್ಕನೇ ಕ್ಲಾಸು, ನಿಧಾನ."

ಮೂರನೆಯದನ್ನು ಓದಲು ಮುಕ್ಕಾಲು ಗಂಟೆ ಬೇಕಾಯಿತು. ಕೆಲವು ಸಾಲು ಅರ್ಥವಾಗಿದ್ದರೂ ಎರಡು ಸಲ ಓದಿದೆ. ತಪಾಸಣೆಯ ವೇಳೆ 'ಇಲಾಖೆಯ ಸಿಬ್ಬಂದಿ ಕೊರೆದ ತೂತು' ಎಂದಿತ್ತು. ಕೆಳಗೆ ನನ್ನ ಬಣ್ಣದ ವಿಷಯವೂ ಇತ್ತು. ಅದನ್ನು ಮೂರು ಸಲ ಓದಿದೆ. ಆಮೇಲೆ ಸಹಿ ಹಾಕಿದೆ. ಭಾವ ಸಾಕ್ಷಿ ಎಂದು ಕೆಳಗೆ ಹಾಕಿದರು.

ಕನ್ನಡಕದ ಮೇಲೆ ವಿಚಾರಣೆ ನಡೆಯುತ್ತಿದೆ ಎನ್ನುತ್ತಾರೆ. ನಡೆಯುತ್ತಲೇ ಇದೆ. ಅವನನ್ನು ಬೇರೆ ಕಡೆಗೆ ಕಳಿಸಿದರಂತೆ. ಅಲ್ಲಿಯೂ ದೋಣಿಗಳಿವೆ. ಅವನನ್ನು ನೆನೆದರೆ ಇವತ್ತಿಗೂ ನನ್ನ ಕೈ ಕೆರೆಯುವ ಪಟ್ಟಿಯನ್ನು ಹುಡುಕುತ್ತದೆ.

ಕಳೆದ ವಾರ ಹೊಸ ಗಸ್ತಿನವರು ಭಾವನ ದೋಣಿ ಹತ್ತಿದರು. ಹುಡುಕಿದರು, ಸುರಿದರು, ಚೀಟಿ ಕೊಟ್ಟರು. ಭಾವ ಸಹಿ ಹಾಕದೆ ಚೀಟಿಯನ್ನು ಜೇಬಿಗಿಟ್ಟುಕೊಂಡು, ತಮ್ಮ ದೋಣಿಗಿಳಿದು, ಸೀಟಿನ ಕೆಳಗೆ ಹೆಗಲವರೆಗೆ ಕೈ ತೂರಿಸಿ ಮಲಗಿದರಂತೆ.

"ಇನ್ನೆಷ್ಟು ಹೊತ್ತಯ್ಯಾ? ಸಹಿ ಹಾಕು ಬಾ!" ಎಂದು ಮೇಲಿನಿಂದ ಕೂಗಿದರಂತೆ.

"ಕೈ ಒಳಗಿದೆ ಸಾರ್. ಪೂರ್ತಿ ನೋಡಿ ಹಾಕ್ತೀನಿ."

ಭಾವ ಇದನ್ನು ಮನೆಗೆ ಬಂದು ಹೇಳಿದರು. ಅತ್ತೆ ನಕ್ಕರು, ಇವರು ಹೋದ ಮೇಲೆ ಮೊದಲ ಸಲ. ನನಗೆ ನಗು ಬರಲಿಲ್ಲ. ಬಾಯಿ ಜಾಸ್ತಿ ಇದ್ದ ಮನುಷ್ಯ ಆಡಬೇಕಿದ್ದ ಮಾತು ಅದು. ಬಕೆಟ್ಟು ಎತ್ತಿಕೊಂಡು ನೀರಿಗೆ ಹೋದೆ.